ಫಲಕದ ಮೇಲಿನ ಹೆಸರು

ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 1900ರಲ್ಲಿ ಒಂದು ವಿಚಿತ್ರ ಚುನಾವಣೆ ನಡೆಸಿದರು. ಅದರಲ್ಲಿ ಉಮೇದುವಾರರೆಲ್ಲ ಸತ್ತವರು. ಸತ್ತು ಹತ್ತು ವರ್ಷವಾದರೂ ಆಗಿರಬೇಕೆಂಬುದು ಅಲ್ಲಿಯ ನಿಯಮ. ಆರಿಸಿ ಬಂದವರ ಹೆಸರನ್ನು ಕಂಚಿನ ಹಲಗೆಯ ಮೇಲೆ ಕೊರೆಸಿ, ಗುಡ್ಡದ ಅಂಚಿಗೆ ಕಟ್ಟಿದ ಉದ್ದನೆಯ ಕಂಬಸಾಲಿನಲ್ಲಿ ನಿಲ್ಲಿಸುವುದು. ಅದಕ್ಕೆ ಅವರು ಇಟ್ಟ ಹೆಸರು ಹಾಲ್ ಆಫ್ ಫೇಮ್. ನಾವು ಕನ್ನಡದಲ್ಲಿ ಕೀರ್ತಿಮಂದಿರ ಅನ್ನಬಹುದು. ಈಗ ಜಗತ್ತಿನ ತುಂಬ ಆಟಗಾರರಿಗೆ, ಹಾಡುಗಾರರಿಗೆ, ಸಿನಿಮಾದವರಿಗೆ ಇಂಥ ಮಂದಿರಗಳಿವೆ. ಅಮೆರಿಕದಲ್ಲಿ ಈ ಹೆಸರನ್ನು ಮನೆಮಾತು ಮಾಡಿದ್ದು ಒಂದು ವಿಶ್ವವಿದ್ಯಾಲಯದ ಅಂಗಳ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಆ ಮೊದಲ ಚುನಾವಣೆಯಲ್ಲಿ 29 ಮಂದಿ ಆರಿಸಿ ಬಂದರು. 29 ಮಂದಿಯೂ ಗಂಡಸರು. ಐದು ವರ್ಷದ ನಂತರ, 1905ರಲ್ಲಿ, ಮೂವರು ಹೆಣ್ಣುಮಕ್ಕಳು ಒಳಗೆ ಬಂದರು. ಮೇರಿ ಲಯನ್, ಎಮ್ಮಾ ವಿಲ್ಲಾರ್ಡ್, ಮರಿಯಾ ಮಿಚೆಲ್. ಮೊದಲಿನ ಇಬ್ಬರು ಹುಡುಗಿಯರಿಗಾಗಿ ಶಾಲೆ ಕಟ್ಟಿದವರು, ಮೂರನೆಯವರು ನಕ್ಷತ್ರ ನೋಡುತ್ತ ನೋಡುತ್ತ ಕಾಲೇಜಿನಲ್ಲಿ ಪಾಠ ಹೇಳಿದವರು. ಅಂದರೆ ಮೂವರೂ ಮಾಸ್ತರಿಕೆ ಮಾಡಿದವರೇ. ಇಷ್ಟು ದಿನ ಇತಿಹಾಸ ಕಲಿಸಿ ನಿವೃತ್ತಳಾದ ನನಗೆ ಇದನ್ನು ಓದಿ ಸ್ವಲ್ಪ ಹಿಗ್ಗೇ ಆಯಿತು. ಆದರೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಮೇರಿ ಲಯನ್ ಮತ್ತು ಮರಿಯಾ ಮಿಚೆಲ್ ಮದುವೆಯಾಗಲಿಲ್ಲ. ಅಪ್ಪ ಕೊಟ್ಟ ಹೆಸರಿನಲ್ಲೇ ಹುಟ್ಟಿ ಅದೇ ಹೆಸರಿನಲ್ಲಿ ಮಣ್ಣಾದರು. ಎಮ್ಮಾ ಮಾತ್ರ ತೌರಿನಲ್ಲಿ ಎಮ್ಮಾ ಹಾರ್ಟ್. 1809ರಲ್ಲಿ ಲಗ್ನವಾಗಿ ವಿಲ್ಲಾರ್ಡ್ ಆದಳು. ಗಂಡ ತೀರಿದ ಮೇಲೆ ಇನ್ನೊಬ್ಬನನ್ನು ಮದುವೆಯಾಗಿ, ಅದು ಕೂಡಿಬರದೆ ಬಿಟ್ಟುಕೊಟ್ಟಳು. ಕಂಚಿನಲ್ಲಿ ಉಳಿದದ್ದು ಮೊದಲ ಗಂಡನ ಮನೆತನದ ಹೆಸರು. ಹಾರ್ಟ್ ಎಂಬ ಮನೆಯ ಹುಡುಗಿಯೊಬ್ಬಳು ಇದ್ದಳು ಎಂದು ತಿಳಿಯಬೇಕಾದರೆ ಪುಸ್ತಕ ತೆರೆಯಬೇಕು.

ಆಟಗಾರರ ಮಂದಿರಗಳು ಬಂದದ್ದು ಆಮೇಲೆ. ಅಮೆರಿಕದ ಬೇಸ್‌ಬಾಲ್‌ನವರು 1936ರಲ್ಲಿ ಐದು ಹೆಸರು ಆರಿಸಿ ತಮ್ಮ ಕೀರ್ತಿಮಂದಿರ ಶುರು ಮಾಡಿದರು. ಅಲ್ಲಿಗೆ ಮೊದಲ ಹೆಣ್ಣುಮಗಳು ಬಂದದ್ದು 2006ರಲ್ಲಿ, ಅದೂ ಆಡಿದವಳಲ್ಲ, ತಂಡದ ಒಡತಿ. ವಿಶ್ವವಿದ್ಯಾಲಯಗಳೂ ಒಂದೊಂದಾಗಿ ತಮ್ಮ ಓಟಗಾರರಿಗೆ, ಈಜುಗಾರರಿಗೆ ಕೋಣೆಗಳನ್ನು ಮಾಡಿದವು. ಹೆಣ್ಣುಮಕ್ಕಳ ಆಟಕ್ಕೂ ಸಮನಾಗಿ ಅನುಕೂಲ ಮಾಡಿಕೊಡಬೇಕೆಂಬ ಕಾಯ್ದೆ ಆ ದೇಶದಲ್ಲಿ ಬಂದದ್ದೇ 1972ರಲ್ಲಿ. ಹೀಗಾಗಿ ಆ ಕೋಣೆಗಳಲ್ಲಿ ನಮ್ಮವರ ಫೋಟೋ ಹುಡುಕಬೇಕಾದರೆ ಬಾಗಿಲಿನಿಂದ ಬಹಳ ಒಳಗೆ ನಡೆಯಬೇಕು.

ನಮ್ಮ ಕಡೆ ಇಷ್ಟು ದೊಡ್ಡ ವೈಭವವೇನೂ ಇಲ್ಲ. ನಮಗೆ ಇರುವುದು ಫಲಕ. ಹಳೆಯ ಕಾಲೇಜುಗಳಲ್ಲಿ ಪ್ರಾಚಾರ್ಯರ ಕೋಣೆಯ ಹೊರಗೆ ನೀವೂ ನೋಡಿರುತ್ತೀರಿ. ಸಾಗವಾನಿ ಹಲಗೆ, ಕಪ್ಪು ಬಣ್ಣ, ಮೇಲೆ ಹಳದಿಯಿಂದ ಬರೆದ ಸಾಲುಗಳು. ಒಂದರಲ್ಲಿ ಪ್ರಾಚಾರ್ಯರ ಹೆಸರು, ಒಂದರಲ್ಲಿ ರ‍್ಯಾಂಕ್ ಬಂದವರ ಹೆಸರು, ಇನ್ನೊಂದರಲ್ಲಿ ಯೂನಿವರ್ಸಿಟಿ ಬ್ಲೂ ಆದವರ ಹೆಸರು. ಫೀ ತುಂಬಲು ಸಾಲಿನಲ್ಲಿ ನಿಂತಾಗ ಓದಲು ಬೇರೆ ಏನೂ ಇಲ್ಲದೆ ನಾವು ಆ ಹೆಸರುಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆವು. ಈಗಿನ ಮಕ್ಕಳು ಮೊಬೈಲ್ ನೋಡುತ್ತಾರೆ.

ಬ್ಲೂ ಅಂದರೇನು ಎಂದು ನನ್ನ ವಿದ್ಯಾರ್ಥಿನಿಯರು ಕೇಳುತ್ತಿದ್ದರು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರಿಗೆ ಕೊಡುವ ಮಾನ ಅದು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹುಡುಗರ ದೋಣಿಪಂದ್ಯ 1829ರಲ್ಲಿ ಶುರುವಾಯಿತು. 1836ರ ಪಂದ್ಯದಲ್ಲಿ ಕೇಂಬ್ರಿಜ್ ದೋಣಿಯ ಮೂತಿಗೆ ತಿಳಿನೀಲಿ ರಿಬ್ಬನ್ ಕಟ್ಟಿದರು. ಅಂದಿನಿಂದ ತಿಳಿನೀಲಿ ಅವರದು, ಕಡುನೀಲಿ ಆಕ್ಸ್‌ಫರ್ಡ್‌ನವರದು. ಆಡಿದವನಿಗೆ ಆ ಬಣ್ಣದ ಕೋಟು, ಅವನೇ ಬ್ಲೂ. ಅದೇ ಕೇಂಬ್ರಿಜ್ ತನ್ನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಪೂರ್ತಿ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ. ಹುಡುಗಿಯರ ದೋಣಿಪಂದ್ಯ ಹುಡುಗರ ದಿನವೇ, ಹುಡುಗರ ನೀರಿನಲ್ಲೇ ನಡೆದದ್ದು 2015ರಲ್ಲಿ. ನಮಗೆ ಆ ನೀಲಿ ಕೋಟು ಬಂದದ್ದು ಧಾರವಾಡದ ಕಡೆಯಿಂದ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ 1950ರಲ್ಲಿ ಧಾರವಾಡಕ್ಕೆ ಬಂತು. 1954ರಿಂದ 1967ರ ತನಕ ಅದರ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಗೋಕಾಕ ಸೀಮೆಯ ಮಮದಾಪುರದವರು, ಗಣಿತದಲ್ಲಿ ಕೇಂಬ್ರಿಜ್ಜಿನ ರ‍್ಯಾಂಗ್ಲರ್. ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳದ ಮಕ್ಕಳು ಓಡಿದ್ದು, ಜಿಗಿದದ್ದು, ಕಬಡ್ಡಿ ಆಡಿದ್ದು ಎಲ್ಲ ಆ ವಿಶ್ವವಿದ್ಯಾಲಯದ ಹೆಸರಿನಲ್ಲೇ.

ಅದಕ್ಕೂ ಮೊದಲು? ಮೊದಲೂ ನಮ್ಮ ಸೀಮೆಯಲ್ಲಿ ಮೈ ಬಗ್ಗಿಸುವ ಜನಕ್ಕೆ ಕಡಿಮೆಯೇನಿರಲಿಲ್ಲ. ಮಲ್ಲರಿಗೆ ಗರಡಿ, ರೈತರಿಗೆ ತೆರಬಂಡಿ, ಹರೆಯದವರಿಗೆ ಸಂಗ್ರಾಣಿ ಕಲ್ಲು. ಕಾಡಸಿದ್ಧೇಶ್ವರ ಜಾತ್ರೆಯೆಂದರೆ ನಮ್ಮ ಊರಿಗೆ ಕುಸ್ತಿಯ ಹಬ್ಬವೂ ಹೌದು. ಗೆದ್ದವನ ಹೆಸರು ಫಲಕಕ್ಕೆ ಏರುತ್ತಿರಲಿಲ್ಲ, ಆದರೆ ಮಗ್ಗದ ಮನೆಯಿಂದ ಮಗ್ಗದ ಮನೆಗೆ ವರ್ಷವಿಡೀ ತಿರುಗುತ್ತಿತ್ತು. ನಾವು ಹೆಣ್ಣುಮಕ್ಕಳು ಕುಸ್ತಿಯ ಕಣಕ್ಕೆ ಹೋಗುವಂತಿರಲಿಲ್ಲ. ಕಂಡಿಕೆ ಸುತ್ತುತ್ತ ಕುಳಿತು ಹಲಗೆಯ ಸದ್ದಿನ ಮೇಲೇ ಯಾರೋ ಚಿತ್ತಾದರು ಎಂದು ಊಹಿಸುತ್ತಿದ್ದೆವು. ಗದಾಯುದ್ಧವನ್ನು ಕಾವ್ಯ ಮಾಡಿದ ರನ್ನ ಪಕ್ಕದ ಮುಧೋಳದವನಂತೆ. ಅವನಿಗೆ ಈ ಸದ್ದು ಕೇಳಿರಲಿಕ್ಕೆ ಸಾಕು ಎಂದು ನನಗೆ ಸುಮ್ಮನೆ ಅನಿಸುತ್ತದೆ. ಇದು ಇತಿಹಾಸವಲ್ಲ, ಊರಿನ ಅಭಿಮಾನ.

ಆ ಕಾಲದಲ್ಲಿ ನಮ್ಮ ಸೀಮೆಯಿಂದ ಲೋಕದ ಅಂಗಳಕ್ಕೆ ಹೋದ ಒಬ್ಬನ ಕತೆ ಹೇಳಲೇಬೇಕು. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ಸರ್ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಬಂದಿದ್ದರು. ಓಡುತ್ತಿದ್ದವರೆಲ್ಲ ಹೊಲದಲ್ಲಿ ದುಡಿಯುವ ರೈತರ ಮಕ್ಕಳು, ಕಾಲಲ್ಲಿ ಬೂಟಿಲ್ಲ. ಗಡಿಯಾರ ಹಿಡಿದು ನೋಡಿದರೆ ಅವರು ದೂರದ ಓಟ ಮುಗಿಸಿದ ಹೊತ್ತು ಯುರೋಪಿನವರ ಹೊತ್ತಿಗೆ ಬಹಳ ಹಿಂದೆ ಬಿದ್ದಿರಲಿಲ್ಲ. ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಎಂದು ಟಾಟಾ ಯೋಚಿಸಿದರು, ಕೈಯಿಂದ ಹಣ ಹಾಕಿದರು, ಸರಕಾರದವರನ್ನೂ ಕೇಳಿದರು. 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ಗೆ ಹೋದ ಆ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನ್ 42 ಕಿಲೋಮೀಟರ್ 750 ಮೀಟರ್, ಈಗಿನ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಪದಕವಿಲ್ಲ. ಆದರೂ ನೂರು ವರ್ಷದ ಮೇಲೆ ನಾನು ಬನಹಟ್ಟಿಯಲ್ಲಿ ಕುಳಿತು ಅವರ ಸೆಕೆಂಡುಗಳನ್ನು ಎಣಿಸುತ್ತಿದ್ದೇನೆ.

ಅವರ ಹೆಸರನ್ನು ಇನ್ನೊಮ್ಮೆ ಓದಿರಿ. ಫಡೆಪ್ಪ ಅವರ ಹೆಸರು, ದರೆಪ್ಪ ತಂದೆಯ ಹೆಸರು, ಚೌಗುಲೆ ಅಡ್ಡಹೆಸರು. ನಮ್ಮ ಮುಂಬಯಿ ಕರ್ನಾಟಕದ ಪದ್ಧತಿಯೇ ಇದು. ಹುಟ್ಟಿದಾಗ ಶಾಲೆಯ ದಾಖಲೆಯಲ್ಲಿ ಬರೆದ ಮೂರು ಮಾತು ಗಂಡಸಿಗೆ ಕೊನೆಯ ತನಕ ಸಾಕು. ಹೊಲದ ಉತಾರಿಗೂ ಅದೇ, ಬ್ಯಾಂಕಿಗೂ ಅದೇ, ಫಲಕಕ್ಕೂ ಅದೇ. ಹೆಣ್ಣುಮಗಳ ಮೂರು ಮಾತುಗಳಲ್ಲಿ ಎರಡು ಅಕ್ಕಿಕಾಳು ಬಿದ್ದ ಗಳಿಗೆಗೇ ಬದಲಾಗುತ್ತವೆ. ಅಪ್ಪನ ಹೆಸರು ಹೋಗಿ ಗಂಡನ ಹೆಸರು, ತೌರಿನ ಅಡ್ಡಹೆಸರು ಹೋಗಿ ಅತ್ತೆಮನೆಯ ಅಡ್ಡಹೆಸರು. ಕೆಲವು ಮನೆತನಗಳಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದು ಮೂರನೆಯದನ್ನೂ ತೆಗೆದುಬಿಡುತ್ತಾರೆ. ಆಗ ಅವ್ವ ತೊಟ್ಟಿಲಲ್ಲಿ ಕರೆದ ಹೆಸರು ತೌರಿಗೆ ಹೋದಾಗ ಮಾತ್ರ ಕಿವಿಗೆ ಬೀಳುತ್ತದೆ.

ಇದೆಲ್ಲ ನಮಗೆ ಗೊತ್ತಿದ್ದದ್ದೇ. ಗ್ಯಾಸಿನ ಪುಸ್ತಕ, ರೇಷನ್ ಕಾರ್ಡು, ಆಧಾರ್ ಎಂದು ಹೆಸರು ತಾಳೆಯಾಗದೆ ಅಲೆದಾಡದ ಹೆಂಗಸು ಯಾರಿದ್ದಾಳೆ? ಆದರೆ ಆಟದ ಫಲಕದ ಮೇಲೆ ಇದು ಏನು ಮಾಡುತ್ತದೆ ಎಂಬುದು ನನಗೆ ತಿಳಿದದ್ದು ನನ್ನ ವೈನಿಯಿಂದ.

ವೈನಿ ಗೋಕಾಕದ ಆಚೆಯ ಒಂದು ಹಳ್ಳಿಯವರು. ಪದವಿಗೆಂದು ತಾಲೂಕಿನ ಊರಿನ ಕಾಲೇಜಿಗೆ ಹೋಗಿದ್ದರು. ಊರಿನಿಂದ ಬಸ್ ನಿಲ್ಲುವಲ್ಲಿಗೆ ಎರಡು ಮೈಲಿ. ಬಸ್ ತಪ್ಪಬಾರದೆಂದು ಓಡಿ ಓಡಿ ರೂಢಿಯಾಯಿತು ಎನ್ನುತ್ತಾರೆ. 1977ರಲ್ಲಿ ಧಾರವಾಡದಲ್ಲಿ ನಡೆದ ಅಂತರ ಕಾಲೇಜು ಕೂಟದಲ್ಲಿ 800 ಮೀಟರ್ ಓಟಕ್ಕೆ ಎರಡನೆಯವರಾಗಿ ಬಂದು ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದರು. ರೈಲಿನಲ್ಲಿ ದೂರದ ಊರಿಗೆ ಹೋಗಿ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಓಡಿ ಬಂದರು. ಅಲ್ಲಿ ಏನೂ ಬರಲಿಲ್ಲ, ಬ್ಲೂ ಮಾತ್ರ ಆದರು.

ಈ 800 ಮೀಟರಿಗೂ ಒಂದು ಇತಿಹಾಸವಿದೆ. ಒಲಿಂಪಿಕ್ಸ್‌ನ ಓಟದ ಅಂಗಳಕ್ಕೆ ಹೆಂಗಸರನ್ನು ಮೊದಲು ಬಿಟ್ಟದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಲ್ಲಿ 800 ಮೀಟರ್ ಓಡಿದ ಹೆಣ್ಣುಮಕ್ಕಳು ಮುಗಿಸಿದ ಮೇಲೆ ಏದುಸಿರು ಬಿಟ್ಟರು, ಕೆಲವರು ಹುಲ್ಲಿನ ಮೇಲೆ ಕುಳಿತರು. ಓಡಿದವರು ಮತ್ತೇನು ಮಾಡಬೇಕು? ಪತ್ರಿಕೆಗಳು ಅದನ್ನು ದೊಡ್ಡದು ಮಾಡಿ, ಹೆಂಗಸರು ಕುಸಿದು ಬಿದ್ದರು, ಇಷ್ಟು ದೂರ ಅವರ ಮೈಗೆ ಆಗದು ಎಂದು ಬರೆದವು. ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಅದು ಬಂದದ್ದು 1960ರಲ್ಲಿ. ಮೂವತ್ತೆರಡು ವರ್ಷ ಹೆಣ್ಣುಮಕ್ಕಳಿಗೆ ಒಲಿಂಪಿಕ್ಸ್‌ನಲ್ಲಿ 200 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಮ್ಯಾರಥಾನ್ ಅಂತೂ 1984ರ ತನಕ ಕಾಯಬೇಕಾಯಿತು. ಚೌಗುಲೆಯವರು ಓಡಿ 64 ವರ್ಷ ಆಗಿತ್ತು ಆಗ.

1979ರಲ್ಲಿ ವೈನಿ ನಮ್ಮ ಮನೆಗೆ ಬಂದರು. ಅಣ್ಣನದು ಪವರ್‌ಲೂಮ್. ಮನೆಯಲ್ಲಿ ಹನ್ನೊಂದು ಮಂದಿ. ನೀಲಿ ಕೋಟನ್ನು ವೈನಿ ಟ್ರಂಕಿನ ತಳದಲ್ಲಿ ಇಟ್ಟುಕೊಂಡು ತಂದಿದ್ದರು. ಒಂದು ಚಳಿಗಾಲ ಅಣ್ಣ ಅದನ್ನು ಹಾಕಿಕೊಂಡು ನೂಲು ತರಲು ಪೇಟೆಗೆ ಹೋದ. ಅವನಿಗೆ ಸರಿಯಾಗಿ ಕೂಡುತ್ತಿತ್ತು, ಅವನದೂ ತೆಳ್ಳನೆಯ ಮೈ. ಆಮೇಲೆ ಅದು ಅವನದೇ ಆಯಿತು. ಎದೆಯ ಮೇಲಿನ ವಿಶ್ವವಿದ್ಯಾಲಯದ ಬಿಲ್ಲೆಯನ್ನು ವೈನಿ ಬ್ಲೇಡಿನಿಂದ ಹೊಲಿಗೆ ಬಿಚ್ಚಿ ತೆಗೆದು ಬಂಗಾರ ಇಡುವ ಡಬ್ಬಿಯಲ್ಲಿ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಣ್ಣ ಕೆಟ್ಟವನಲ್ಲ. ಓಡಿ ಬಂದ ಹೆಂಡತಿ ಎಂದು ಗೆಳೆಯರ ಮುಂದೆ ಹೇಳಿ ನಗಿಸುತ್ತಿದ್ದ, ಆ ಮಾತಿಗೆ ಇನ್ನೊಂದು ಅರ್ಥ ಬರುತ್ತದೆಂದು ವೈನಿ ಸಿಟ್ಟಾಗುತ್ತಿದ್ದರು.

ಮುಂದೆ ಎಷ್ಟೋ ವರ್ಷದ ಮೇಲೆ ವೈನಿ ಓದಿದ ಕಾಲೇಜಿನಲ್ಲಿ ಉತ್ಸವವಾಯಿತು. ಹಳೆಯ ಕ್ರೀಡಾಪಟುಗಳನ್ನೆಲ್ಲ ಕರೆದು ಶಾಲು ಹೊದಿಸಿದರು. ವೈನಿಗೆ ಸುದ್ದಿಯೇ ಇಲ್ಲ. ತಿಂಗಳ ಮೇಲೆ ಅವರ ತಮ್ಮನ ಮಗಳು ಬಂದಾಗ ಹೇಳಿದಳು. ಕಾಲೇಜಿನವರು ದಾಖಲೆಯಲ್ಲಿದ್ದ ಹೆಸರು, ವಿಳಾಸಕ್ಕೆ ಎಲ್ಲರಿಗೂ ಕಾಗದ ಹಾಕಿದ್ದರಂತೆ. ಗಂಡುಮಕ್ಕಳ ಕಾಗದಗಳು ಸುತ್ತಿ ಬಳಸಿಯಾದರೂ ಮುಟ್ಟಿದವು. ಹೆಸರು ಅದೇ, ಊರಿನಲ್ಲಿ ಮನೆ ಅದೇ, ಅವನು ಬೆಂಗಳೂರಿನಲ್ಲಿದ್ದರೂ ಅಪ್ಪನೋ ತಮ್ಮನೋ ಇಸಿದುಕೊಂಡರು. ವೈನಿಯ ತೌರಿನ ಹಳ್ಳಿಯ ಮನೆ ಮಾರಿ ಆಗಲೇ ಬಹಳ ದಿನವಾಗಿತ್ತು. ಆ ಹೆಸರಿನ ಹೆಣ್ಣುಮಗಳು ಯಾರೆಂದು ಹೊಸ ಅಂಚೆಯವನಿಗೆ ಹೇಗೆ ತಿಳಿಯಬೇಕು? ವೇದಿಕೆಯ ಫೋಟೋವನ್ನು ಹುಡುಗಿ ತೋರಿಸಿದಳು. ಹನ್ನೊಂದು ಮಂದಿ ಶಾಲು ಹೊದ್ದು ಕುಳಿತಿದ್ದರು. ಅವರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ.

ಹೊಸ ಫಲಕವನ್ನೂ ಹಾಕಿದ್ದರು. ಅದರಲ್ಲಿ ವೈನಿ ಇದ್ದರು. ಹೇಗೆ? ಎರಡು ಇನಿಶಿಯಲ್, ಒಂದು ತೌರಿನ ಅಡ್ಡಹೆಸರು. ಹಿಂದೆ ಕುಮಾರಿ ಎಂದು ಇದ್ದದ್ದನ್ನು ಜಾಗ ಸಾಲದೆ ಬಿಟ್ಟಿದ್ದರು. ಓದಿದವರಿಗೆ ಅದು ಯಾರೋ ಗಟ್ಟಿಮುಟ್ಟಾದ ಗಂಡುಹುಡುಗನ ಹೆಸರಿನಂತೆ ಕಾಣುತ್ತಿತ್ತು. ಅದೇ ಸಾಲಿನಲ್ಲಿ ಮೇಲೆ ಕೆಳಗೆ ಇನ್ನೂ ಎಷ್ಟು ಮಂದಿ ಹೆಣ್ಣುಮಕ್ಕಳು ಹೀಗೆ ಇನಿಶಿಯಲ್‌ಗಳ ಹಿಂದೆ ಅಡಗಿದ್ದಾರೋ ಎಂದು ನನಗೆ ಆಗ ಹೊಳೆಯಿತು.

ಇನಿಶಿಯಲ್‌ನ ಹಿಂದೆ ನಿಂತು ಇತಿಹಾಸಕ್ಕೆ ನುಗ್ಗಿದವಳೂ ಒಬ್ಬಳಿದ್ದಾಳೆ. 1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ಗೆ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ ಕೆ. ವಿ. ಸ್ವಿಟ್ಜರ್ ಎಂದು ಅರ್ಜಿ ತುಂಬಿ ಕಳಿಸಿದಳು. ಅದು ಗಂಡಸರ ಓಟ. 261 ಎಂಬ ನಂಬರು ಬಂತು. ಕ್ಯಾಥರೀನ್ ವರ್ಜೀನಿಯಾ ಸ್ವಿಟ್ಜರ್ ಎಂದು ಪೂರ್ತಿ ಬರೆದಿದ್ದರೆ ಬರುತ್ತಿರಲಿಲ್ಲ. ಓಟದ ನಡುವೆ ಅಧಿಕಾರಿಯೊಬ್ಬರು ಹೆಣ್ಣೆಂದು ಕಂಡು ಓಡಿಬಂದು ಆ ನಂಬರನ್ನು ಕಿತ್ತುಕೊಳ್ಳಲು ನೋಡಿದರು. ಜೊತೆಗೆ ಓಡುತ್ತಿದ್ದ ಅವಳ ಗೆಳೆಯ ಅವರನ್ನು ನೂಕಿದ. ಅವಳು ಓಟ ಮುಗಿಸಿದಳು. ಆ ಮ್ಯಾರಥಾನ್ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಲ್ಲಿ. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಮಹಿಳಾ ಕೀರ್ತಿಮಂದಿರಕ್ಕೆ ಅವಳನ್ನು ಸೇರಿಸಿದರು. ಅಲ್ಲಿ ಹೆಸರು ಪೂರ್ತಿಯಾಗಿ ಇದೆ.

ನಮ್ಮ ದೇಶದ ಫಲಕಗಳಲ್ಲಿ ಹೆಣ್ಣುಮಕ್ಕಳ ಹೆಸರು ಹೇಗೆಲ್ಲ ಬಂದಿದೆ ಎಂದು ನೋಡಬೇಕಾದರೆ ಒಂದೇ ಓಟ ಸಾಕು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ನಾಲ್ವರು 400 ಮೀಟರ್ ರಿಲೇ ಓಡಿ ಫೈನಲ್ ಮುಟ್ಟಿ ಏಳನೆಯವರಾದರು. ಎಂ. ಡಿ. ವಲ್ಸಮ್ಮ, ವಂದನಾ ರಾವ್, ಶೈನಿ ಅಬ್ರಹಾಂ, ಪಿ. ಟಿ. ಉಷಾ. 3 ನಿಮಿಷ 32.49 ಸೆಕೆಂಡು. ಉಷಾ ಅವರ ಪಿ. ಟಿ. ಅಂದರೆ ಅಪ್ಪನೂ ಅಲ್ಲ, ಗಂಡನೂ ಅಲ್ಲ, ಕೇರಳದ ಅವರ ಮನೆಯ ಹೆಸರು. 1991ರಲ್ಲಿ ಮದುವೆಯಾದರು, ಪಿ. ಟಿ. ಅಲ್ಲಾಡಲಿಲ್ಲ. ಶೈನಿಯ ಕತೆ ಬೇರೆ. 1984ರಲ್ಲಿ, 1988ರಲ್ಲಿ ಶೈನಿ ಅಬ್ರಹಾಂ. ಈಜುಗಾರ ವಿಲ್ಸನ್ ಚೆರಿಯನ್ ಅವರನ್ನು ಮದುವೆಯಾದ ಮೇಲೆ ಶೈನಿ ವಿಲ್ಸನ್. 1992ರ ಬಾರ್ಸಿಲೋನಾದಲ್ಲಿ ಒಲಿಂಪಿಕ್ಸ್‌ನಲ್ಲಿ ಭಾರತದ ಬಾವುಟ ಹಿಡಿದು ನಡೆದ ಮೊದಲ ಹೆಣ್ಣುಮಗಳು ಶೈನಿ ವಿಲ್ಸನ್. ಹಿಂದಿನದು ಗೊತ್ತಿಲ್ಲದ ಮಕ್ಕಳು ಇವರು ಇಬ್ಬರು ಎಂದೇ ತಿಳಿಯುತ್ತಾರೆ. ಕ್ಲಾಸಿನಲ್ಲಿ ಕೇಳಿ ನೋಡಿದ್ದೇನೆ.

ನಮ್ಮ ಕೊಡಗಿನ ಪ್ರಮೀಳಾ ಅವರದೂ ಹೀಗೆಯೇ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹೆಪ್ಟಥ್ಲಾನ್‌ಗೆ ಇಳಿದದ್ದು ಪ್ರಮೀಳಾ ಗಣಪತಿ. ಏಳು ಆಟಗಳನ್ನು ಎರಡು ದಿನದಲ್ಲಿ ಆಡಬೇಕಾದ ಕಷ್ಟದ ಸ್ಪರ್ಧೆ ಅದು. ಎಂಟು ವರ್ಷ ಕಳೆದು 2008ರ ಬೀಜಿಂಗ್‌ಗೆ ಅದೇ ಸ್ಪರ್ಧೆಗೆ ಹೋದದ್ದು ಪ್ರಮೀಳಾ ಅಯ್ಯಪ್ಪ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದೂ ಅವರೇ. ಆದರೆ ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಓದುವವನಿಗೆ ಒಬ್ಬರು ಒಂದು ಪುಟದಲ್ಲಿ, ಇನ್ನೊಬ್ಬರು ಇನ್ನೊಂದು ಪುಟದಲ್ಲಿ. ಇತ್ತ ಅದೇ ಕೊಡಗಿನ ಅಶ್ವಿನಿ ನಾಚಪ್ಪ ಲಗ್ನದ ನಂತರವೂ ನಾಚಪ್ಪ ಆಗಿಯೇ ಉಳಿದರು. ಹೆಸರು ಆಗಲೇ ದೊಡ್ಡದಾಗಿತ್ತು, ಅದನ್ನು ಅಳಿಸುವುದು ಸುಲಭವಿರಲಿಲ್ಲ. ತೊಂದರೆ ಹೆಸರು ಇನ್ನೂ ಸಣ್ಣದಿದ್ದಾಗ ಮದುವೆಯಾದವರದು. ವಿಶ್ವವಿದ್ಯಾಲಯದ ಮಟ್ಟದಲ್ಲಿ ಆಡಿದವರೆಲ್ಲ ಬಹುತೇಕ ಅಂಥವರೇ. ಇಪ್ಪತ್ತು, ಇಪ್ಪತ್ತೊಂದಕ್ಕೆ ಬ್ಲೂ, ಇಪ್ಪತ್ತೆರಡಕ್ಕೆ ಲಗ್ನ.

ಇದರ ಮೇಲೆ ನಮ್ಮ ಊರಿನವರಿಗೆ ಇನ್ನೊಂದು ತೊಡಕು ಸೇರಿದೆ. ಹುಡುಗಿಯರ ಹೆಸರಿನಂತೆ ನಮ್ಮ ಕಾಲೇಜುಗಳ ವಿಶ್ವವಿದ್ಯಾಲಯವೂ ಬದಲಾಗುತ್ತ ಬಂದಿದೆ. 2010ರ ತನಕ ಧಾರವಾಡ. ಆಮೇಲೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. 2023ರಿಂದ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ. ಪಕ್ಕದ ಊರಿಗೇ ಬಂತೆಂದು ನಾವು ಹಿಗ್ಗುವಷ್ಟರಲ್ಲಿ, 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮುಚ್ಚಬೇಕೆಂಬ ಮಾತು ಸರಕಾರದಲ್ಲಿ ಎದ್ದಿತು. 1977ರಲ್ಲಿ ಧಾರವಾಡಕ್ಕಾಗಿ ಓಡಿದ ಹೆಣ್ಣುಮಗಳ ಹೆಸರನ್ನು ಯಾರು ತಮ್ಮದು ಎನ್ನಬೇಕು? ಧಾರವಾಡದವರಿಗೆ ಈ ಕಾಲೇಜುಗಳು ಈಗ ತಮ್ಮವಲ್ಲ. ಬೆಳಗಾವಿ, ಜಮಖಂಡಿಯವರಿಗೆ ಅದು ತಾವು ಹುಟ್ಟುವ ಮೊದಲಿನ ಮಾತು. ಎಲ್ಲರೂ ಒಳ್ಳೆಯ ಮಾತಿನಿಂದಲೇ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಅದಕ್ಕೆ ನಾವು ಕೆಲವರು ನಿವೃತ್ತ ಶಿಕ್ಷಕಿಯರು ಕೂಡಿ ನಮ್ಮದೇ ಪಟ್ಟಿ ಮಾಡಲು ಕುಳಿತೆವು. ಬನಹಟ್ಟಿ, ರಬಕವಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ, ಇಲ್ಲವೆ ಸೊಸೆಯಾಗಿ ಬಂದ, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಹೆಣ್ಣುಮಕ್ಕಳು. ಕಾಲೇಜಿನ ದಾಖಲೆಗಳಿಂದ ಬಂದದ್ದು ಕಡಿಮೆ. ಹೆಚ್ಚು ಸಿಕ್ಕದ್ದು ಬಾಣಂತನಕ್ಕೆ, ಸೀರೆ ಕೊಳ್ಳಲಿಕ್ಕೆ, ಉಡಿ ತುಂಬಲಿಕ್ಕೆ ಹೋದ ಮನೆಗಳಲ್ಲಿ. ನಿಮ್ಮ ಮನೆಯಲ್ಲಿ ಯಾರಾದರೂ ಓಡಿದವರಿದ್ದಾರೇನ್ರೀ ಎಂದು ಕೇಳಿದರೆ ಮೊದಲು ನಗುತ್ತಾರೆ. ಆಮೇಲೆ ಒಳಗಿನಿಂದ ಸೊಸೆ ಬಂದು, ನಮ್ಮ ಅತ್ತಿ ಖೋ ಖೋ ಆಡಿದ್ರಂತ್ರೀ ಅನ್ನುತ್ತಾಳೆ. ಅತ್ತೆ, ಸಾಕ ಬಿಡ, ಅದನ್ಯಾಕ ಹೇಳತಿ ಅನ್ನುತ್ತಾರೆ. ಆದರೆ ಎದ್ದು ಹೋಗಿ ಟ್ರಂಕು ತೆರೆಯುತ್ತಾರೆ. ಸರ್ಟಿಫಿಕೇಟು ಅಲ್ಲಿಯೇ ಇರುತ್ತದೆ, ಮದುವೆಯ ಸೀರೆಯ ಮಡಿಕೆಯೊಳಗೆ, ಡಾಂಬರು ಗುಳಿಗೆಯ ವಾಸನೆಯೊಂದಿಗೆ. ಒಬ್ಬರ ಸರ್ಟಿಫಿಕೇಟಿನಲ್ಲಿ ಹೆಸರಿದ್ದ ಭಾಗವನ್ನೇ ಗೆದ್ದಲು ತಿಂದಿತ್ತು. ಕೂಟದ ಹೆಸರು, ಸ್ಥಾನ, ಸಹಿ ಎಲ್ಲ ಗಟ್ಟಿಯಾಗಿದ್ದವು.

ಪಟ್ಟಿಯಲ್ಲಿ ಹೆಸರು ಹೇಗೆ ಬರೆಯಬೇಕು ಎಂಬುದಕ್ಕೆ ನಮ್ಮಲ್ಲೇ ದೊಡ್ಡ ವಾದವಾಯಿತು. ಈಗ ಎಲ್ಲರೂ ಗುರುತಿಸುವುದು ಗಂಡನ ಮನೆಯ ಹೆಸರಿನಿಂದ, ಅದನ್ನೇ ಬರೆಯೋಣ ಎಂದರು ಕೆಲವರು. ಹಾಗೆ ಬರೆದರೆ ಮಗ್ಗ ಸಾಹುಕಾರರ ಮನೆತನಗಳ ಪಟ್ಟಿಯಾದೀತು, ಓಡಿದವರದಲ್ಲ ಎಂದು ನನ್ನ ವಾದ. ವೈನಿಯನ್ನೇ ಕೇಳಿಬಿಡೋಣವೆಂದು ಹೋದೆ. ಶೇಂಗಾ ಒಡೆಯುತ್ತ ಕುಳಿತಿದ್ದರು.

“ವೈನಿ, ನಿಮ್ಮ ಹೆಸರು ಹ್ಯಾಂಗ ಬರಸೂಣ್ರೀ?”

“ಬರಸಬ್ಯಾಡ ತಂಗಿ. ಮಂದಿ ನಗತಾರ.”

“ನಗಲಿ ಬಿಡ್ರಿ. ಹಳೇ ಹೆಸರೋ, ಈಗಿಂದೋ?”

ನಾಲ್ಕು ಶೇಂಗಾ ಒಡೆಯುವಷ್ಟು ಹೊತ್ತು ಸುಮ್ಮನಿದ್ದರು. “ಓಡಿದ್ದು ಆ ಹೆಸರಿಲೆ ತಂಗಿ. ಈ ಹೆಸರಿಲೆ ನಾ ಬಸ್ಸಿಗೂ ಓಡಿಲ್ಲ” ಎಂದರು. ಮತ್ತೆ ಸ್ವಲ್ಪ ತಡೆದು, “ಆದರ ಮೊಮ್ಮಕ್ಕಳಿಗೆ ಗೊತ್ತಾಗಬೇಕಲ್ಲ, ಇದು ನಮ್ಮ ಆಯಿ ಅಂತ” ಎಂದು ಸೇರಿಸಿದರು. ಫಲಕಕ್ಕೆ ಹೆಸರು ಕೊಟ್ಟರು. ಈ ಬರಹದಲ್ಲಿ ಹಾಕಲು ಮಾತ್ರ ಒಪ್ಪಲಿಲ್ಲ, ಆದ್ದರಿಂದ ಇಲ್ಲಿ ಇಲ್ಲ.

ಕೊನೆಗೆ ಎರಡು ಸಾಲು ಎಂದು ಠರಾವಾಯಿತು. ಮೇಲಿನ ಸಾಲಿನಲ್ಲಿ ಆಡಿದಾಗಿನ ಹೆಸರು, ಪೂರ್ತಿಯಾಗಿ, ಇನಿಶಿಯಲ್ ಕೂಡದು. ಕೆಳಗೆ ಸಣ್ಣ ಅಕ್ಷರದಲ್ಲಿ ಈಗಿನ ಹೆಸರು. ಪಕ್ಕದಲ್ಲಿ ಆಟ ಮತ್ತು ವರ್ಷ. ಯಾವ ವಿಶ್ವವಿದ್ಯಾಲಯ ಎಂಬುದನ್ನೂ ಅಂದಿನ ಹೆಸರಿನಲ್ಲೇ ಬರೆಯುವುದು.

ಪೇಂಟರನಿಗೆ ಕೈಬರಹದ ಪಟ್ಟಿ ಕೊಟ್ಟೆವು. ಅವನು ಅಕ್ಷರಕ್ಕೆ ಇಷ್ಟು ರೊಕ್ಕ ಎಂದು ಲೆಕ್ಕ ಹಾಕುವವನು. ಎಲ್ಲರದೂ ಎರಡೆರಡು ಹೆಸರು ನೋಡಿ, “ಅಕ್ಕಾರ, ಇದು ದುಪ್ಪಟ್ಟು ಆಗತೈತ್ರೀ, ಗಂಡಸರ ಬೋರ್ಡಿಗೆ ಇಷ್ಟು ಬರೂದಿಲ್ಲ” ಎಂದ. ಒತ್ತಕ್ಷರವನ್ನು ಬೇರೆ ಎಣಿಸುತ್ತೀಯೇನಪ್ಪ ಎಂದು ನಮ್ಮಲ್ಲಿ ಗಣಿತ ಕಲಿಸಿದವರೊಬ್ಬರು ಕೇಳಿದರು. ಅವನು ಎಣಿಸುವುದಿಲ್ಲವಂತೆ. ಆ ಲೆಕ್ಕದಲ್ಲಿ ಚೌಕಾಸಿ ನಡೆಯಿತು. ಈಗ ಹದಿನಾಲ್ಕು ಹೆಸರು ಗಟ್ಟಿಯಾಗಿವೆ. ಇನ್ನೆರಡರದು ಇನಿಶಿಯಲ್ ಮತ್ತು ಅಡ್ಡಹೆಸರು ಮಾತ್ರ ಸಿಕ್ಕಿದೆ, ಒಬ್ಬರು ರಿಲೇಯಲ್ಲಿ, ಇನ್ನೊಬ್ಬರು ಎತ್ತರ ಜಿಗಿತದಲ್ಲಿ. ಅವರು ಯಾರ ಮನೆಯ ಸೊಸೆಯೋ ಹುಡುಕುತ್ತಿದ್ದೇವೆ. ಕೆಳಗೆ ಆರು ಸಾಲಿನಷ್ಟು ಜಾಗ ಖಾಲಿ ಬಿಡಲು ಹೇಳಿದೆವು. ಬರೆಯದಿದ್ದರೂ ಆ ಜಾಗದ ಕಪ್ಪು ಬಣ್ಣಕ್ಕೆ ಹಣ ಕೊಡಬೇಕು ಎಂದ. ಕೊಡುತ್ತೇವೆ ಎಂದೆವು.